ಕೀಮೋ ನಡೆಯುತ್ತಿರುವ ಮಗುವಿಗೆ ‘ಒಳ್ಳೆ ಬ್ಯಾಕ್ಟೀರಿಯಾ’ ಕೊಡಬಾರದು ಅಂದರು, ಯಾಕೆ? (ತುಮಕೂರು)

ಬಟವಾಡಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಬರೆಯದಿದ್ದರೆ ನಿದ್ದೆ ಬರಲ್ಲ ಅನ್ನಿಸಿತು.

ನನ್ನ ಮಗನಿಗೆ ಐದು ವರ್ಷ. ರಕ್ತದ ಕ್ಯಾನ್ಸರ್, ಎಎಲ್‌ಎಲ್. ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಎದೆಯ ಚರ್ಮದ ಕೆಳಗೆ ಪೋರ್ಟ್, ಅಂದರೆ ಕೀಮೋ ಔಷಧ ರಕ್ತಕ್ಕೆ ಬಿಡುವ ಪುಟ್ಟ ಸಾಧನ, ಇಟ್ಟಿದ್ದಾರೆ. ಕೀಮೋ ಮುಗಿಸಿ ತುಮಕೂರಿಗೆ ಬಂದು ಆರನೇ ದಿನ, ಭಾನುವಾರ, ಬೆಳಗ್ಗೆಯಿಂದಲೇ ಭೇದಿ. ಮಧ್ಯಾಹ್ನದ ಹೊತ್ತಿಗೆ ಐದು ಸಲ ಆಯಿತು. ಜ್ವರ ಇರಲಿಲ್ಲ. ಯಜಮಾನರು ಊರಲ್ಲಿರಲಿಲ್ಲ. ಮಗನನ್ನು ಅತ್ತೆ ಹತ್ತಿರ ಬಿಟ್ಟು ಮೆಡಿಕಲ್ ಸ್ಟೋರಿಗೆ ಓಡಿದೆ.

"ಮಗುವಿಗೆ ಲೂಸ್ ಮೋಷನ್" ಅಂದೆ. ಅವರು ವಯಸ್ಸು ಎಷ್ಟು ಅಂತ ಕೇಳಿದರು. ನಾನು ಐದು ಅಂದೆ. ಮಾತು ಅಷ್ಟೇ. ಕೀಮೋ ವಿಷಯ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಓಆರ್‌ಎಸ್ ಕೊಟ್ಟರು. ಜೊತೆಗೆ ಹತ್ತು ಪುಟ್ಟ ಪ್ಲಾಸ್ಟಿಕ್ ಬಾಟಲಿ. ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತಿರುತ್ತದೆ, ತಲೆ ತಿರುಚಿ ಕುಡಿಸುತ್ತೇವಲ್ಲ, ಅದು. "ಒಳ್ಳೆ ಬ್ಯಾಕ್ಟೀರಿಯಾ ಮೇಡಂ, ಎಷ್ಟು ಕೊಟ್ಟರೂ ಏನೂ ಆಗಲ್ಲ" ಅಂದರು.

ಮನೆಗೆ ಬಂದು ಒಂದು ಬಾಟಲಿಯ ತಲೆ ತಿರುಚಿಯೂ ಆಗಿತ್ತು. ಯಾಕೋ ಮನಸ್ಸು ತಡೆಯದೆ ವಾರ್ಡಿಗೆ ಫೋನ್ ಮಾಡಿದೆ. ಸಿಸ್ಟರ್ ಕೇಳಿದ್ದು ಮೂರೇ: ಜ್ವರ ಇದೆಯಾ, ಮೂತ್ರ ಮಾಡ್ತಿದಾನಾ, ಏನು ಕೊಟ್ಟಿದ್ದೀರಿ. ಬಾಟಲಿಯ ಮೇಲಿದ್ದ ಹೆಸರನ್ನು ಕೂಡಿಸಿಕೊಂಡು ಓದಿದೆ. "ಅಮ್ಮಾ, ಅದನ್ನು ಕೆಳಗಿಡಿ. ಕೊಡಬೇಡಿ. ಕೈ ಸೋಪು ಹಾಕಿ ತೊಳೆದುಕೊಂಡು ಮಗೂನ ಕರ್ಕೊಂಡು ಹೊರಡಿ" ಅಂದರು. ಆ ದನಿ ಇನ್ನೂ ಕಿವಿಯಲ್ಲಿದೆ. ನೆಲಮಂಗಲದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಪಟ್ಟ ಸಂಕಟ ಯಾರಿಗೂ ಬೇಡ.

ರಕ್ತ ನೋಡಿದರೆ ಎಎನ್‌ಸಿ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣದ ಕೌಂಟ್, ಬರೀ 200. ನಾಲ್ಕು ದಿನ ಇಟ್ಟುಕೊಂಡರು. ಈಗ ಮನೆಯಲ್ಲಿದ್ದಾನೆ, ಪಕ್ಕದಲ್ಲೇ ಕಾರ್ಟೂನ್ ನೋಡುತ್ತಿದ್ದಾನೆ.

ನನ್ನ ಪ್ರಶ್ನೆ ಇಷ್ಟೇ. ಅದು ಔಷಧಿಗಿಂತ ಸೌಮ್ಯ, ಮೊಸರಿನ ಹಾಗೆ ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಅದರಲ್ಲಿ ಅಂಥದ್ದೇನಿದೆ? ರೌಂಡ್ಸಿಗೆ ಬಂದ ಡಾಕ್ಟ್ರು "ಇಮ್ಯೂನಿಟಿ ಇಲ್ಲದ ಮಕ್ಕಳಿಗೆ ಬೇಡ" ಅಂದು ಮುಂದಿನ ಬೆಡ್‌ಗೆ ಹೋದರು. ಅವರ ಅವಸರವೂ ಅರ್ಥವಾಗುತ್ತದೆ, ವಾರ್ಡ್ ತುಂಬ ಮಕ್ಕಳು.

ತಿಪಟೂರು ತೆಂಗು

ತಾಯಿ, ಮಗು ಹುಷಾರಾಗಿದ್ದು ಕೇಳಿ ಸಮಾಧಾನವಾಯಿತು. ಆದರೆ ಈ ಕಾಲದ ಡಾಕ್ಟರುಗಳು ಎಲ್ಲದಕ್ಕೂ ಹೆದರಿಸುತ್ತಾರೆ ಅಂತ ನನ್ನ ಅನಿಸಿಕೆ. ನಾವು ಅಂಬಲಿ ಮಜ್ಜಿಗೆ ಕುಡಿದೇ ಬೆಳೆದವರು. ಭೇದಿಯಾದರೆ ನಮ್ಮಮ್ಮ ಮಜ್ಜಿಗೆಗೆ ಉಪ್ಪು ಹಾಕಿ ಕೊಡುತ್ತಿದ್ದಳು, ಮುಗೀತು. ಮೊಸರಿನಲ್ಲಿರುವುದೂ ಬ್ಯಾಕ್ಟೀರಿಯಾನೇ ತಾನೇ?

ಸಿಸ್ಟರ್ ಶಿರಾ

ಯಜಮಾನ್ರೇ, ನೀವು ಅಂಬಲಿ ಕುಡಿಯುವಾಗ ನಿಮ್ಮ ಎದೆಯಲ್ಲಿ ಪೋರ್ಟ್ ಇರಲಿಲ್ಲ. 🙂

ಬಟವಾಡಿ ಅಕ್ಕ, ಫೋನ್ ಮಾಡಿದ್ದು ಒಳ್ಳೆಯದಾಯಿತು. ನಾನು ಹನ್ನೊಂದು ವರ್ಷ ಮಕ್ಕಳ ಐಸಿಯುನಲ್ಲಿ ಕೆಲಸ ಮಾಡಿದವಳು. ಡಾಕ್ಟ್ರು ಹೇಳುವ ಕಾರಣ ಡಾಕ್ಟ್ರೇ ಹೇಳಲಿ. ನಾನು ಕೈಯಲ್ಲಿ ಮಾಡುವ ಕೆಲಸದ ಬಗ್ಗೆ ಹೇಳುತ್ತೇನೆ.

ಈ ‘ಒಳ್ಳೆ ಬ್ಯಾಕ್ಟೀರಿಯಾ’ಗೆ ಪ್ರೋಬಯಾಟಿಕ್ ಅನ್ನುತ್ತಾರೆ. ಅದರಲ್ಲಿ ಪುಡಿಯ ಸ್ಯಾಶೆಯೂ ಬರುತ್ತದೆ. ಅದರಲ್ಲಿ ಒಂದು ಬಗೆಯದರಲ್ಲಿ ಇರುವುದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಸ್ಯಾಕರೊಮೈಸಿಸ್ ಬೌಲಾರ್ಡಿ ಅಂತ ಹೆಸರು. ಬ್ರೆಡ್ಡಿಗೆ ಹಾಕುವ ಯೀಸ್ಟಿನ ಬಂಧು. ಸ್ಯಾಶೆ ಹರಿದ ತಕ್ಷಣ ಕಣ್ಣಿಗೆ ಕಾಣದಷ್ಟು ಪುಡಿ ಹಾರುತ್ತದೆ. ಒಂದು ಮೀಟರ್ ದೂರದ ಗಾಳಿಯಲ್ಲೂ ಅದು ಸಿಕ್ಕಿದೆ. ಚೆನ್ನಾಗಿ ತೊಳೆದ ಕೈಯಲ್ಲೂ ಉಳಿದಿರುವುದು ಕಂಡಿದೆ. ಅದೇ ಕೈಯಲ್ಲಿ ಸೆಂಟ್ರಲ್ ಲೈನಿನ, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕಿದ ಪೈಪಿನ, ಮುಚ್ಚಳ ಮುಟ್ಟಿದರೆ? ಆ ಪೈಪಿನ ಇನ್ನೊಂದು ತುದಿ ಹೃದಯದ ಪಕ್ಕದಲ್ಲಿರುತ್ತದೆ. ಹೊಟ್ಟೆಗೂ ಹೋಗದೆ, ಕರುಳಿಗೂ ಹೋಗದೆ, ನೇರ ರಕ್ತಕ್ಕೇ ಹೋಯಿತು.

ಇನ್ನೊಂದು ಮಾತು. ಔಷಧ ಕುಡಿದ ಮಗುವಿಗೇ ಆಗಬೇಕು ಅಂತಿಲ್ಲ. ಪಕ್ಕದ ಬೆಡ್ಡಿನ ಮಗುವಿಗೆ ಸ್ಯಾಶೆ ಒಡೆದು, ಈ ಬೆಡ್ಡಿನ ಮಗುವಿನ ರಕ್ತದಲ್ಲಿ ಯೀಸ್ಟ್ ಬೆಳೆದ ಪ್ರಕರಣಗಳು ವರದಿಯಾಗಿವೆ. ಯುರೋಪಿನ ಔಷಧ ಸಂಸ್ಥೆ 2017ರಲ್ಲಿ ಇದನ್ನೆಲ್ಲ ನೋಡಿ, ಸೆಂಟ್ರಲ್ ಲೈನ್ ಇರುವವರಿಗೆ, ತೀರಾ ಹುಷಾರಿಲ್ಲದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಇದನ್ನು ಕೊಡಲೇಬಾರದು ಅಂದಿತು. ಲೈನ್ ಇರುವ ರೋಗಿಯ ಹತ್ತಿರ ಸ್ಯಾಶೆ ಬಿಚ್ಚಬೇಡಿ, ಗ್ಲೌಸ್ ಹಾಕಿಕೊಳ್ಳಿ ಅಂತಲೂ ಇದೆ.

ಈಗ ಮನೆಯ ಲೆಕ್ಕ ಹಾಕಿ. ಒಂದೇ ರೂಮು. ತಂಗಿಗೆ ಭೇದಿ, ಅವಳಿಗೆ ಸ್ಯಾಶೆ ಕಲಸಿ ಕೊಟ್ಟಿರಿ. ಅದೇ ಕೈಯಲ್ಲಿ ಅಣ್ಣನ ಲೈನಿನ ಡ್ರೆಸ್ಸಿಂಗ್ ಸರಿ ಮಾಡಿದಿರಿ. ಯಾರ ಗಮನಕ್ಕೂ ಬರಲ್ಲ.

ಬಟವಾಡಿ ಅಮ್ಮ

ಸಿಸ್ಟರ್, "ಕೈ ತೊಳೆದುಕೊಳ್ಳಿ" ಅಂತ ಯಾಕೆ ಅಂದರು ಅನ್ನುವುದು ಈಗ ಅರ್ಥವಾಯಿತು. ನಾನು ಸುಮ್ನೆ ಗದರಿಸಿದರು ಅಂದುಕೊಂಡಿದ್ದೆ.

ಮಕ್ಕಳ ಡಾಕ್ಟ್ರು, ಹೆಸರು ಬೇಡ

ಜಿಲ್ಲೆಯಲ್ಲೇ ಪ್ರಾಕ್ಟೀಸ್ ಮಾಡುತ್ತೇನೆ. ಓಪಿಡಿ ಮುಗಿಸಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನನ್ನ ತಪ್ಪೂ ಒಪ್ಪಿಕೊಳ್ಳುತ್ತೇನೆ. ಆ್ಯಂಟಿಬಯಾಟಿಕ್ ಬರೆದ ಕೈ ಕೆಳಗಿನ ಸಾಲಿನಲ್ಲಿ ತಾನಾಗಿ ಪ್ರೋಬಯಾಟಿಕ್ ಬರೆಯುತ್ತದೆ. ಆರೋಗ್ಯವಂತ ಮಗುವಿಗೆ ಅದರಿಂದ ತೊಂದರೆ ತೀರಾ ಅಪರೂಪ. ಉಪಯೋಗವೂ ಇದೆ. ಆ್ಯಂಟಿಬಯಾಟಿಕ್ ತಗೊಳ್ಳುವ ಮಕ್ಕಳಲ್ಲಿ ಭೇದಿ ತಡೆಯುತ್ತದಾ ಅಂತ 33 ಅಧ್ಯಯನಗಳನ್ನು, ಆರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿ 2019ರಲ್ಲಿ ಕಾಕ್ರೇನ್ ಅನ್ನುವ ಸಂಸ್ಥೆಯ ಒಂದು ಪರಿಶೀಲನೆ ಬಂತು. ಪ್ರೋಬಯಾಟಿಕ್ ತಗೊಂಡವರಲ್ಲಿ ನೂರಕ್ಕೆ 8 ಮಕ್ಕಳಿಗೆ ಭೇದಿಯಾಗಿತ್ತು, ತಗೊಳ್ಳದವರಲ್ಲಿ 19. ಕಡಿಮೆ ಏನಲ್ಲ. ಆದರೆ ಅದೇ ವರದಿಯಲ್ಲಿ, ತೀರಾ ನಿತ್ರಾಣರಾದ ಮತ್ತು ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಲ್ಲಿ ಗಂಭೀರ ತೊಂದರೆ ಕಂಡಿದೆ, ಅವರಿಗೆ ಬೇಡ ಅಂತಲೂ ಬರೆದಿದ್ದಾರೆ. ಈ ಎರಡನೇ ಮಾತು ಅಂಗಡಿಯ ತನಕ ಬರಲ್ಲ.

ಇನ್ನು ಕಾರಣ. ಬಾಟಲಿಯಲ್ಲಿರುವುದು ಜೀವಂತ ಸೂಕ್ಷ್ಮಜೀವಿ. ಜೀವಂತ ಇದ್ದರೆ ಮಾತ್ರ ಅದಕ್ಕೆ ಪ್ರೋಬಯಾಟಿಕ್ ಅನ್ನುವುದು. ಕರುಳಿನ ಒಳಗೆ ಇರುವಷ್ಟು ಹೊತ್ತು ಅದು ಪಾಪದ್ದು. ಕರುಳಿನ ಒಳಪದರ ಗಟ್ಟಿಯಾಗಿದ್ದರೆ ಆಚೆ ಬರಲ್ಲ. ಒಂದೋ ಎರಡೋ ಬಂದರೂ ಬಿಳಿ ರಕ್ತಕಣ ಹಿಡಿದು ಮುಗಿಸುತ್ತದೆ. ಕೀಮೋದಲ್ಲಿ ಈ ಎರಡೂ ಒಟ್ಟಿಗೆ ಕೈಕೊಡುತ್ತವೆ. ಬಾಯಲ್ಲಿ ಹುಣ್ಣಾಗುವುದನ್ನು ಬಟವಾಡಿ ಅಮ್ಮ ನೋಡಿರುತ್ತೀರಿ. ಕರುಳಿನಲ್ಲೂ ಹಾಗೇ ಪದರ ಕಿತ್ತುಹೋಗುತ್ತದೆ. ಅದೇ ವಾರ ಬಿಳಿ ರಕ್ತಕಣವೂ ನೆಲ ಕಚ್ಚುತ್ತದೆ. ಎಎನ್‌ಸಿ 500ಕ್ಕಿಂತ ಕೆಳಗೆ ಬಂದರೇ ನಮಗೆ ಗಾಬರಿ, ನಿಮ್ಮ ಮಗನಿಗೆ 200 ಇತ್ತು. ಮೇಲೆ ಪೋರ್ಟ್ ಬೇರೆ. ರಕ್ತಕ್ಕೆ ಇಳಿದ ಕ್ರಿಮಿಗೆ ಅಂಟಿಕೊಂಡು ಕೂರಲು ಅದೊಂದು ಜಾಗ.

ಇದು ಬರೀ ಊಹೆಯೂ ಅಲ್ಲ. ಅಮೆರಿಕದ ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಐಸಿಯು ಲೆಕ್ಕ 2019ರಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ರೋಬಯಾಟಿಕ್ ಕೊಟ್ಟ 522 ರೋಗಿಗಳಲ್ಲಿ 6 ಜನರ ರಕ್ತದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬೆಳೆಯಿತು. ಕೊಡದ 21,652 ಜನರಲ್ಲಿ ಇಬ್ಬರಿಗೆ ಮಾತ್ರ. ರಕ್ತದ ಕ್ರಿಮಿಯ ಮತ್ತು ಕ್ಯಾಪ್ಸೂಲಿನ ಕ್ರಿಮಿಯ ಪೂರ್ತಿ ಜೀನೋಮ್, ಅಂದರೆ ವಂಶವಾಹಿ, ತಾಳೆ ನೋಡಿದರು. ಕ್ಯಾಪ್ಸೂಲಿನದ್ದೇ ರಕ್ತಕ್ಕೆ ಬಂದಿತ್ತು. ಒಂದರಲ್ಲಂತೂ ರೋಗಿಯ ಮೈಯಲ್ಲೇ ಆ್ಯಂಟಿಬಯಾಟಿಕ್ ತಡೆದುಕೊಳ್ಳುವ ಹೊಸ ಗುಣ ಹುಟ್ಟಿತ್ತು.

ನೂರಕ್ಕೆ ಒಂದು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಅದನ್ನು ಕೊಟ್ಟಿದ್ದು ಯಾವ ಲಾಭಕ್ಕೆ ಅಂತಲೂ ಕೇಳಬೇಕಲ್ಲ. ಮಾಮೂಲಿ ವಾಂತಿಭೇದಿಗೆ ಇದು ಎಷ್ಟು ಕೆಲಸ ಮಾಡುತ್ತದೆ ಅಂತ 2018ರಲ್ಲಿ ಅಮೆರಿಕದಲ್ಲಿ 971 ಮಕ್ಕಳ ಮೇಲೆ, ಕೆನಡಾದಲ್ಲಿ 886 ಮಕ್ಕಳ ಮೇಲೆ ನೋಡಿದರು. ಔಷಧವಿಲ್ಲದ ಸುಳ್ಳು ಪುಡಿ ಕೊಟ್ಟವರಿಗೂ ಪ್ರೋಬಯಾಟಿಕ್ ಕೊಟ್ಟವರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಭೇದಿಗೆ ಉಳಿಯುವುದು ಓಆರ್‌ಎಸ್ ಮತ್ತು ಜಿಂಕ್. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10, ಹತ್ತರಿಂದ ಹದಿನಾಲ್ಕು ದಿನ. ಇದು ಸಾಮಾನ್ಯ ಮಕ್ಕಳ ಮಾತು. ಕೀಮೋ ಮಗುವಿಗೆ ಭೇದಿ ಆದರೆ ಮನೆ ಔಷಧದ ಪ್ರಶ್ನೆಯೇ ಇಲ್ಲ, ವಾರ್ಡಿಗೆ ಫೋನ್. ಜ್ವರ 100.4 ತಲುಪಿದರೆ ಫೋನ್ ಕೂಡ ದಾರಿಯಲ್ಲಿ ಮಾಡಿ.

ಕುಣಿಗಲ್ ಕೆರೆ

ನಮ್ಮ ಮಗಳಿಗೆ ನೆಫ್ರೋಟಿಕ್ ಅನ್ನುವ ಕಿಡ್ನಿ ಕಾಯಿಲೆ, ಸ್ಟಿರಾಯ್ಡ್ ಮೇಲಿದ್ದಾಳೆ. ಎರಡು ಸಲ ಈ ಬಾಟಲಿ ಕೊಟ್ಟಿದ್ದೇವೆ. ಏನೂ ಆಗಲಿಲ್ಲ. ಸುಮ್ನೆ ಜನರನ್ನು ಭಯಪಡಿಸಬಾರದು ಅಲ್ವಾ?

ಮಕ್ಕಳ ಡಾಕ್ಟ್ರು, ಹೆಸರು ಬೇಡ

ಏನೂ ಆಗದಿರುವ ಸಾಧ್ಯತೆಯೇ ಜಾಸ್ತಿ ಸಾರ್. ಹೆಲ್ಮೆಟ್ ಇಲ್ಲದೆ ಕುಣಿಗಲ್‌ನಿಂದ ತುಮಕೂರಿಗೆ ಬಂದವರೂ ಮನೆ ಸೇರುತ್ತಾರೆ. ಸ್ಟಿರಾಯ್ಡೂ ರೋಗನಿರೋಧಕ ಶಕ್ತಿ ಕುಗ್ಗಿಸುತ್ತದೆ, ಎಷ್ಟು ಡೋಸ್, ಎಷ್ಟು ದಿನ ಅನ್ನುವುದರ ಮೇಲೆ ಹೋಗುತ್ತದೆ. ಮುಂದಿನ ಸಲ ಕಿಡ್ನಿ ಡಾಕ್ಟರನ್ನು ಒಂದು ಮಾತು ಕೇಳಿ, ಅಷ್ಟೇ.

ಆ ಪುಟ್ಟ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಬ್ಯಾಸಿಲಸ್ ಕ್ಲಾಸಿಐ ಅನ್ನುವ ಬ್ಯಾಕ್ಟೀರಿಯಾದ ಬೀಜರೂಪ, ಸ್ಪೋರ್. ಐದು ಎಂಎಲ್‌ನಲ್ಲಿ 200 ಕೋಟಿ. ಬಿಸಿಗೆ ಸಾಯಲ್ಲ, ಹೊಟ್ಟೆಯ ಆಸಿಡ್ಡಿಗೂ ಸಾಯಲ್ಲ. ಹಲವು ಆ್ಯಂಟಿಬಯಾಟಿಕ್‌ಗಳಿಗೂ ಬಗ್ಗಲ್ಲ. ಆ್ಯಂಟಿಬಯಾಟಿಕ್ ಜೊತೆ ಇದನ್ನು ಕೊಡುವುದೇ ಆ ಕಾರಣಕ್ಕೆ. ಅದೇ ಗುಣ ರಕ್ತಕ್ಕೆ ಇಳಿದಾಗ ನಮ್ಮ ಮೇಲೆಯೇ ತಿರುಗುತ್ತದೆ. ಹುಟ್ಟಿನಿಂದ ಹೃದಯದ ತೊಂದರೆ ಇದ್ದ ಹಸುಗೂಸುಗಳ ರಕ್ತದಲ್ಲಿ ಇದು ಬೆಳೆದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ.

ತಿಪಟೂರು ತೆಂಗು

ಅಂದರೆ ಹಸು ಕೆಟ್ಟದ್ದಲ್ಲ, ಬೇಲಿ ಬಿದ್ದಿದೆ ಅಂತೀರಿ.

ಮಕ್ಕಳ ಡಾಕ್ಟ್ರು, ಹೆಸರು ಬೇಡ

ನಾನು ಎರಡು ಪುಟ ಬರೆದೆ, ನೀವು ಒಂದು ಸಾಲಿನಲ್ಲಿ ಮುಗಿಸಿದಿರಿ.

ಬಿಎಚ್ ರೋಡ್ ಮೆಡಿಕಲ್

ಅಂಗಡಿಯವರ ಕಡೆಯ ಮಾತೂ ಕೇಳಿ. ಬಟವಾಡಿ ಅಕ್ಕ ಹೋದ ಅಂಗಡಿ ನಮ್ಮದಲ್ಲ, ಆದರೆ ನಮ್ಮದೂ ಆಗಬಹುದಿತ್ತು. ಸಂಜೆ ಏಳರಿಂದ ಒಂಬತ್ತರವರೆಗೆ ಕೌಂಟರಿನಲ್ಲಿ ನಿಂತು ನೋಡಿ. ಒಬ್ಬರು ಚೀಟಿ ಚಾಚುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ, ಹಿಂದಿನಿಂದ ಒಬ್ಬರು "ಭೇದಿಗೆ ಕೊಡಿ, ಆ ನೀರಿನ ಬಾಟಲಿನೂ ಕೊಡಿ" ಅಂತ ಕೂಗುತ್ತಾರೆ. ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಲಾಭವೂ ಇದೆ, ಸುಳ್ಳು ಹೇಳಲ್ಲ. ಓಆರ್‌ಎಸ್ ಪ್ಯಾಕೆಟ್ಟಿನಲ್ಲಿ ಏನು ಉಳಿಯುತ್ತದೆ ಹೇಳಿ?

ಆದರೂ ಒಂದು ಒಪ್ಪಿಕೊಳ್ಳುತ್ತೇನೆ. ನಾನು ಡಿ.ಫಾರ್ಮ ಓದಿದವನು. ಇಪ್ಪತ್ತು ವರ್ಷದಲ್ಲಿ ಯಾರಿಗೂ "ಮಗುವಿಗೆ ಕೀಮೋ ಇದೆಯಾ, ಮೈಯಲ್ಲಿ ಪೈಪ್ ಇದೆಯಾ" ಅಂತ ಕೇಳಿಲ್ಲ. ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳುತ್ತೇನೆ, ಬಸುರಿನಾ ಅಂತ ಕೇಳುತ್ತೇನೆ. ಇದನ್ನು ಕೇಳಬೇಕು ಅಂತ ಹೊಳೆದೇ ಇಲ್ಲ.

ಲೇಬಲ್ ಓದುವವ, ಕೋಲಾರ

ಅಣ್ಣ ನೇರವಾಗಿ ಬರೆದಿದ್ದಕ್ಕೆ ಧನ್ಯವಾದ. ನಾನು ಕೋಲಾರದವನು, ಲೇಬಲ್ ಓದುವುದು ನನ್ನ ಹುಚ್ಚು. ಮನೆಯವರು ಬೈಯುತ್ತಾರೆ.

ಈ ವಿಷಯ ಬಂದ ಮೇಲೆ ನಮ್ಮ ಮನೆಯ ಔಷಧದ ಡಬ್ಬಿ ತೆಗೆದೆ. ಎರಡು ಪ್ರೋಬಯಾಟಿಕ್ ಸಿಕ್ಕವು. ಒಂದರ ಮೇಲೆ ಔಷಧ ತಯಾರಿಕೆಯ ಲೈಸೆನ್ಸ್ ನಂಬರ್ ಇದೆ. ಇನ್ನೊಂದರ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ನಂಬರ್. ಅಂದರೆ ಕಾನೂನಿನ ಲೆಕ್ಕದಲ್ಲಿ ಇದು ಔಷಧವೇ ಅಲ್ಲ, ಆಹಾರ. ಅದರ ಮೇಲೆ ಸಣ್ಣ ಅಕ್ಷರದಲ್ಲಿ "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತ ಇದೆ. ಔಷಧವಾಗಿ ಬಳಸಬೇಡಿ! ಡಾಕ್ಟರ ಚೀಟಿಯಲ್ಲಿ ಬರೆದಿದ್ದಾರೆ, ಮೆಡಿಕಲ್‌ನಲ್ಲಿ ಕೊಂಡಿದ್ದೇವೆ, ಭೇದಿ ನಿಲ್ಲಲಿ ಅಂತ ಕುಡಿಸಿದ್ದೇವೆ, ಆದರೆ ಔಷಧವಲ್ಲ.

ಓಆರ್‌ಎಸ್ ಹೆಸರಿಟ್ಟುಕೊಂಡ ಸಿಹಿ ಪಾನೀಯಗಳ ಗಲಾಟೆ ನೆನಪಿದೆಯಾ? 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆ ಹೆಸರು ಬಳಸಬಾರದು ಅಂದಿತು. ಅಲ್ಲೂ ಇದೇ ಕಥೆ. ಒಂದೇ ಕಪಾಟು, ಒಂದೇ ಥರದ ಪ್ಯಾಕೆಟ್, ಒಂದು ಔಷಧ, ಒಂದು ಆಹಾರ. ನಮಗೆ ಹೇಗೆ ಗೊತ್ತಾಗಬೇಕು?

ಆಹಾರ ಅಂದ ಮೇಲೆ ಮಗುವಿನ ರಕ್ತಕ್ಕೆ ಹೋದರೆ ಏನು ಅನ್ನುವ ಪರೀಕ್ಷೆ ಯಾರೂ ಕೇಳಲ್ಲ.

ಪಾವಗಡ ಬಿಸಿಲು

ನಮ್ಮ ಕಡೆ ಏಪ್ರಿಲ್‌ನಲ್ಲಿ ಅಂಗಡಿಯ ತಗಡಿನ ಮಾಡಿನ ಕೆಳಗೆ ಇಟ್ಟ ಸ್ಯಾಶೆಯಲ್ಲಿ ಜೀವಂತ ಏನಾದರೂ ಉಳಿದಿರುತ್ತದಾ ಅನ್ನುವುದೇ ನನ್ನ ಅನುಮಾನ. ಪಾವಗಡದ ಮಕ್ಕಳು ಸೇಫ್. 😄

ಸಿಸ್ಟರ್ ಶಿರಾ

ನಗು ಬಂತು, ಆದರೆ ಅಣ್ಣ, ಬೇಕಾದದ್ದು ಸತ್ತು ಬೇಡದ್ದು ಬೆಳೆದರೆ? 2014ರಲ್ಲಿ ಅಮೆರಿಕದಲ್ಲಿ ಹಾಗೇ ಆಯಿತು. 29 ವಾರಕ್ಕೇ ಹುಟ್ಟಿದ ಕೂಸಿಗೆ ಆಸ್ಪತ್ರೆಯಲ್ಲಿ ಪ್ರೋಬಯಾಟಿಕ್ ಪುಡಿ ಕೊಟ್ಟರು. ಪುಡಿಯಲ್ಲಿ ರೈಜೋಪಸ್ ಅನ್ನುವ ಬೂಷ್ಟು ಸೇರಿಕೊಂಡಿತ್ತು. ಕೂಸಿನ ಕರುಳಿಗೇ ಬೂಷ್ಟು ಹಿಡಿದು ತೀರಿಕೊಂಡಿತು. 2021ರಲ್ಲಿ ಕೊರೋನ ಜೊತೆ ಬ್ಲ್ಯಾಕ್ ಫಂಗಸ್ ಅಂತ ನಾವೆಲ್ಲ ನಡುಗಿದೆವಲ್ಲ, ಅದೇ ಜಾತಿಯ ರೋಗ. ಬ್ರೆಡ್ ಮೇಲೆ ಬರುವ ಕಪ್ಪು ಬೂಷ್ಟೂ ಅದೇ ಕುಟುಂಬದ್ದು. ನಮ್ಮ ನಿಮ್ಮ ಹೊಟ್ಟೆಗೆ ಒಂದು ಚೂರು ಹೋದರೆ ಏನೂ ಆಗಲ್ಲ.

ಅವಳಿ ಅಮ್ಮ, ಗುಬ್ಬಿ

ಇದನ್ನು ಓದಿ ನನಗೆ ಕೈಕಾಲು ತಣ್ಣಗಾಗಿದೆ. ನನಗೆ ಅವಳಿ ಮಕ್ಕಳು, 30 ವಾರಕ್ಕೆ ಹುಟ್ಟಿದವು. ಒಬ್ಬಳು 1,200 ಗ್ರಾಂ, ಇನ್ನೊಬ್ಬಳು 1,350. ಒಂದೂವರೆ ತಿಂಗಳು ನವಜಾತ ಶಿಶುಗಳ ಐಸಿಯು, ಎನ್‌ಐಸಿಯುನಲ್ಲಿ ಇದ್ದವು. ಅಲ್ಲಿ ದಿನಾ ಎದೆಹಾಲಿನಲ್ಲಿ ಪ್ರೋಬಯಾಟಿಕ್ ಹಾಕಿ ಕೊಡುತ್ತಿದ್ದರು. ಮೊನ್ನೆ ಡಿಸ್ಚಾರ್ಜ್ ಆಯಿತು. ಈಗ ಮನೆಯಲ್ಲೂ ಹೊಟ್ಟೆನೋವಿಗೆ ಹನಿ ಹಾಕಿ ಅಂತ ನಾದಿನಿ ಹೇಳುತ್ತಿದ್ದಾಳೆ. ಆಸ್ಪತ್ರೆಯವರೇ ತಪ್ಪು ಮಾಡಿದರಾ?

ಮಕ್ಕಳ ಡಾಕ್ಟ್ರು, ಹೆಸರು ಬೇಡ

ಅಮ್ಮಾ, ಮೊದಲು ಸಮಾಧಾನ ಮಾಡಿಕೊಳ್ಳಿ. ಆಸ್ಪತ್ರೆಯವರು ತಪ್ಪು ಮಾಡಿದರು ಅನ್ನುವ ಹಾಗಿಲ್ಲ. ಇಡೀ ಚರ್ಚೆಯಲ್ಲಿ ಕಷ್ಟದ ಪ್ರಶ್ನೆ ಇದೇ, ಡಾಕ್ಟರುಗಳೇ ಇಲ್ಲಿ ಎರಡು ಪಂಗಡ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ನೆಕ್ ಅಂತ ಒಂದು ಕಾಯಿಲೆ ಬರುತ್ತದೆ. ಕರುಳು ಊದಿ, ಕೊಳೆತು, ತೂತಾಗುತ್ತದೆ. ನೋಡಿದವರಿಗೆ ಮರೆಯಲ್ಲ. ಪ್ರೋಬಯಾಟಿಕ್ ಕೊಟ್ಟರೆ ನೆಕ್ ಕಡಿಮೆಯಾಗುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 1,099 ಕೂಸುಗಳ ಮೇಲೆ ನೋಡಿದಾಗ ನೆಕ್ ನೂರಕ್ಕೆ 4.4ರಿಂದ 2ಕ್ಕೆ ಇಳಿಯಿತು. ಇಂಗ್ಲೆಂಡಿನಲ್ಲಿ 1,315 ಕೂಸುಗಳಿಗೆ ಬೇರೆ ತಳಿ ಕೊಟ್ಟು ನೋಡಿದರೆ ಏನೂ ಪ್ರಯೋಜನವಾಗಲಿಲ್ಲ. ಅಂದರೆ ‘ಪ್ರೋಬಯಾಟಿಕ್’ ಅನ್ನುವುದು ಒಂದು ವಸ್ತುವಿನ ಹೆಸರಲ್ಲ. ಮಾವು ಅಂದ ಹಾಗೆ. ರಸಪೂರಿಯೋ ತೋತಾಪುರಿಯೋ ಅಂತ ಕೇಳಬೇಕು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 32 ವಾರಕ್ಕೆ ಮುಂಚೆ ಹುಟ್ಟಿ ಎದೆಹಾಲು ಕುಡಿಯುವ ಮಕ್ಕಳಿಗೆ ಕೊಡುವುದನ್ನು ಪರಿಗಣಿಸಬಹುದು ಅಂದಿತು. ಕೊಡಲೇಬೇಕು ಅನ್ನಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2021ರಲ್ಲೇ, ಎಲ್ಲ ಕೂಸುಗಳಿಗೂ ವಾಡಿಕೆಯಂತೆ ಕೊಡುವುದಕ್ಕೆ ನಮ್ಮ ಬೆಂಬಲವಿಲ್ಲ, ಒಂದು ಕೆಜಿಗಿಂತ ಕಡಿಮೆ ಇರುವವರಿಗಂತೂ ಇಲ್ಲ ಅಂದಿತ್ತು. 2023ರಲ್ಲಿ ಅಲ್ಲಿ ಒಂದು ಕೆಜಿಗಿಂತ ಕಡಿಮೆ ತೂಕದ ಒಂದು ಕೂಸು ತೀರಿಕೊಂಡಿತು. ರಕ್ತದಲ್ಲಿ ಸಿಕ್ಕ ಬಿಫಿಡೋಬ್ಯಾಕ್ಟೀರಿಯಂ ಲಾಂಗಮ್, ಕುಡಿಸಿದ ಪ್ರೋಬಯಾಟಿಕ್‌ನದ್ದೇ ಅಂತ ಜೀನೋಮ್ ತಾಳೆಯಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಗ ವೈದ್ಯರಿಗೆ ಎಚ್ಚರಿಕೆ ಕಳಿಸಿತು. ಹಲವು ನವಜಾತ ಶಿಶು ತಜ್ಞರು, ಒಂದು ಸಾವು ನೋಡಿ ನಿಲ್ಲಿಸಿದರೆ ನೆಕ್‌ನಿಂದ ಸಾಯುವವರ ಲೆಕ್ಕ ಯಾರು ಇಡುತ್ತಾರೆ ಅಂತ ವಾದಿಸಿದರು. ಆ ಮಾತಿನಲ್ಲೂ ಹುರುಳಿದೆ.

ನನ್ನ ಅಭಿಪ್ರಾಯ ಕೇಳಿದರೆ, ಎನ್‌ಐಸಿಯುನಲ್ಲಿ ಲಾಭ ನಷ್ಟ ತೂಗಿ, ತಳಿ ನೋಡಿ, ಬ್ಲಡ್ ಕಲ್ಚರ್ (ರಕ್ತದಲ್ಲಿ ಕ್ರಿಮಿ ಬೆಳೆಯುತ್ತದಾ ಅನ್ನುವ ಪರೀಕ್ಷೆ) ಮಾಡುವ ಸೌಕರ್ಯ ಇಟ್ಟುಕೊಂಡು ಕೊಡುವುದು ಒಂದು. ಮನೆಯಲ್ಲಿ ನಾದಿನಿ ಹೇಳಿದರು ಅಂತ ಹನಿ ಹಾಕುವುದು ಇನ್ನೊಂದು. ಮೊದಲನೆಯದನ್ನು ನಾನು ಪ್ರಶ್ನಿಸಲ್ಲ. ಎರಡನೆಯದು ಬೇಡ. ಎದೆಹಾಲು ಕೊಡಿ, ಎದೆಗೆ ಅವಚಿಕೊಂಡು ಕಾಂಗರೂ ಆರೈಕೆ ಮುಂದುವರಿಸಿ. ಹೊಟ್ಟೆ ಊದಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಬಂದರೆ ಒಂದು ನಿಮಿಷವೂ ಕಾಯಬೇಡಿ.

ಕೊರಟಗೆರೆ ಮೇಷ್ಟ್ರು

ಒಡಿಶಾದಲ್ಲಿ ಹಳ್ಳಿ ಕೂಸುಗಳಿಗೆ ಪ್ರೋಬಯಾಟಿಕ್ ಕೊಟ್ಟು ಸಾವು ಕಡಿಮೆ ಮಾಡಿದರು ಅಂತ ಓದಿದ ನೆನಪು. ನಮ್ಮ ದೇಶದ್ದೇ ಅಧ್ಯಯನ. ಅದನ್ನು ಬಿಟ್ಟು ಬರೀ ಅಮೆರಿಕದ ಮಾತು ಯಾಕೆ?

ಮಕ್ಕಳ ಡಾಕ್ಟ್ರು, ಹೆಸರು ಬೇಡ

ಸರಿಯಾಗಿ ನೆನಪಿಟ್ಟಿದ್ದೀರಿ ಮೇಷ್ಟ್ರೇ. 2017ರಲ್ಲಿ ಬಂದದ್ದು, 4,556 ಕೂಸುಗಳು. ರಕ್ತದ ಸೋಂಕು ಅಥವಾ ಸಾವು ನೂರಕ್ಕೆ 9 ಇದ್ದದ್ದು 5.4ಕ್ಕೆ ಇಳಿಯಿತು. ದೊಡ್ಡ ಸಾಧನೆ. ಆದರೆ ಅಲ್ಲಿ ಆರಿಸಿಕೊಂಡದ್ದು ಕನಿಷ್ಠ ಎರಡು ಕೆಜಿ ತೂಕ ಇದ್ದ, ಬೇರೆ ಕಾಯಿಲೆ ಇಲ್ಲದ ಕೂಸುಗಳನ್ನು. ತಿಪಟೂರು ಯಜಮಾನರ ಮಾತಿನಲ್ಲಿ ಹೇಳುವುದಾದರೆ, ಬೇಲಿ ಗಟ್ಟಿ ಇದ್ದ ಹೊಲ. ಆ ಫಲಿತಾಂಶವನ್ನು ಕೀಮೋ ವಾರ್ಡಿಗೆ ತಂದು ಅಂಟಿಸಲು ಆಗಲ್ಲ.

ಚಿಂತಾಮಣಿ ಟೊಮೆಟೊ

ನನ್ನ ತಮ್ಮನ ಮಗನಿಗೆ ಹುಟ್ಟಿದ ವಾರದಲ್ಲೇ ಕರುಳಿನ ಆಪರೇಷನ್ ಆಗಿ ಅರ್ಧ ಕರುಳು ತೆಗೆದಿದ್ದಾರೆ. ಈಗ ಲೈನ್ ಏನೂ ಇಲ್ಲ. ಅವನಿಗೂ ಬೇಡವಾ?

ಮಕ್ಕಳ ಡಾಕ್ಟ್ರು, ಹೆಸರು ಬೇಡ

ಅವನಿಗೂ ಕೇಳದೆ ಬೇಡ. ಕರುಳು ಗಿಡ್ಡವಾದ ಮಕ್ಕಳಲ್ಲಿ ಕೆಲವು ಲ್ಯಾಕ್ಟೋಬ್ಯಾಸಿಲಸ್ ತಳಿಗಳು ಡಿ-ಲ್ಯಾಕ್ಟಿಕ್ ಆಸಿಡ್ ಹುಟ್ಟಿಸುತ್ತವೆ. ಅದು ರಕ್ತದಲ್ಲಿ ಸೇರಿದರೆ ಮಗು ತೂಕಡಿಸುತ್ತದೆ, ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ. ಕುಡಿದವರ ಹಾಗೆ. ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ. ಹಸುವಿನ ಹಾಲಿನ ಅಲರ್ಜಿ ಇರುವ ಮಕ್ಕಳ ಮನೆಯವರೂ ಲೇಬಲ್ ನೋಡಿ, ಕೆಲವು ಪುಡಿಗಳಲ್ಲಿ ಹಾಲಿನ ಪ್ರೋಟೀನಿನ ಅಂಶ ಉಳಿದಿರುತ್ತದೆ.

ಬಟವಾಡಿ ಅಮ್ಮ

ಡಾಕ್ಟ್ರೇ, ಮೊಸರಿನ ಪ್ರಶ್ನೆ ಹಾಗೇ ಉಳಿಯಿತು. ಮಗನಿಗೆ ಮೊಸರನ್ನ ಅಂದರೆ ಪ್ರಾಣ. ಕೀಮೋ ಶುರುವಾದ ಮೇಲೆ ಅವನು ತಿನ್ನುವುದೇ ಅದೊಂದು.

ಮಕ್ಕಳ ಡಾಕ್ಟ್ರು, ಹೆಸರು ಬೇಡ

ಮನೆ ಮೊಸರಿಗೂ ಬಾಟಲಿಗೂ ಒಂದೇ ತಕ್ಕಡಿ ಬೇಡ. ಮೊಸರಿನ ಬ್ಯಾಕ್ಟೀರಿಯಾದಲ್ಲಿ ಬಹಳಷ್ಟು ಹೊಟ್ಟೆಯ ಆಸಿಡ್ಡಿನಲ್ಲೇ ಸಾಯುತ್ತವೆ. ಬಾಟಲಿಯದ್ದು ಸಾಯದ ಹಾಗೆ ಆರಿಸಿ, ಕೋಟಿಗಟ್ಟಲೆ ತುಂಬಿದ್ದು. ಆದರೂ ಕೌಂಟ್ ಬಿದ್ದ ದಿನಗಳಲ್ಲಿ ಮೊಸರಿನ ಬಗ್ಗೆ ಒಂದೊಂದು ವಾರ್ಡಿಗೆ ಒಂದೊಂದು ಪದ್ಧತಿ ಇದೆ. ಕೆಲವರು ಚೆನ್ನಾಗಿ ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಅವತ್ತಿನ ಮೊಸರು ಪರವಾಗಿಲ್ಲ ಅನ್ನುತ್ತಾರೆ, ಕೆಲವರು ಕೌಂಟ್ ಏರುವ ತನಕ ಬೇಡ ಅನ್ನುತ್ತಾರೆ. ನಿಮ್ಮ ವಾರ್ಡಿನ ಮಾತೇ ನಿಮಗೆ ಕೊನೆಯದು. ‘ಪ್ರೋಬಯಾಟಿಕ್’ ಅಂತ ಬರೆದ ಅಂಗಡಿ ಮೊಸರು, ಪುಟ್ಟ ಡಬ್ಬಿಯ ಹುದುಗಿಸಿದ ಹಾಲು ಮಾತ್ರ ಬೇಡ. ಅವು ಬಾಟಲಿಯ ಸಾಲಿಗೇ ಸೇರುತ್ತವೆ.

ಇನ್ನೊಂದು ಮಾತು ಹೇಳದೆ ಹೋದರೆ ನನ್ನ ತಪ್ಪಾಗುತ್ತದೆ. ಅಕಸ್ಮಾತ್ ಕೊಟ್ಟುಬಿಟ್ಟಿದ್ದರೆ ಮುಚ್ಚಿಡಬೇಡಿ. ಬೈಯುತ್ತಾರೆ ಅಂತ ಎಷ್ಟೋ ತಾಯಂದಿರು ಹೇಳಲ್ಲ. ಜ್ವರ ಬಂದು ಬ್ಲಡ್ ಕಲ್ಚರ್ ಕಳಿಸಿದಾಗ ಬ್ಯಾಸಿಲಸ್ ಬೆಳೆದರೆ, ಚರ್ಮದ ಕೊಳೆ ಸೇರಿರಬೇಕು ಅಂತ ಲ್ಯಾಬಿನವರು ಬದಿಗಿಡುವ ಸಾಧ್ಯತೆ ಇದೆ. ಲ್ಯಾಕ್ಟೋಬ್ಯಾಸಿಲಸ್‌ನ ಹಲವು ತಳಿಗಳ ಮೇಲೆ ವ್ಯಾಂಕೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ನಡೆಯಲ್ಲ. ಯೀಸ್ಟ್ ಆದರೆ ಯಾವ ಆ್ಯಂಟಿಬಯಾಟಿಕ್ಕೂ ನಡೆಯಲ್ಲ, ಫಂಗಸ್ ಔಷಧವೇ ಬೇಕು, ಲೈನನ್ನೂ ತೆಗೆಯಬೇಕಾಗಬಹುದು. "ಸೋಮವಾರ ಈ ಸ್ಯಾಶೆ ಕೊಟ್ಟಿದ್ದೆ" ಅನ್ನುವ ಒಂದು ಮಾತು ನಮಗೆ ಎರಡು ದಿನ ಉಳಿಸುತ್ತದೆ. ಖಾಲಿ ಪ್ಯಾಕೆಟ್ಟನ್ನೂ ತನ್ನಿ.

ಲೇಬಲ್ ಓದುವವ, ಕೋಲಾರ

ಔಷಧದಿಂದ ತೊಂದರೆ ಆದರೆ ತಿಳಿಸಲು ಕೇಂದ್ರ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಸಹಾಯವಾಣಿ ಇದೆ, 1800-180-3024. ಫೋನ್ ಉಚಿತ. ಡಾಕ್ಟರೇ ಮಾಡಬೇಕು ಅಂತಿಲ್ಲ, ನಾವೂ ಮಾಡಬಹುದು.

ಕುಣಿಗಲ್ ಕೆರೆ

ಮೇಲೆ ಸ್ವಲ್ಪ ಒರಟಾಗಿ ಬರೆದಿದ್ದೆ, ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. "ಈಗಿನ ಡೋಸ್ ಇಳಿಯುವ ತನಕ ಬೇಡ" ಅಂದರು. ನಾವು ಕೊಟ್ಟಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಹೇಳಿರಲಿಲ್ಲ ನಾನು.

ಬಿಎಚ್ ರೋಡ್ ಮೆಡಿಕಲ್

ನಮ್ಮ ಹುಡುಗರಿಗೆ ಹೇಳಿ ಕಂಪ್ಯೂಟರಿನ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ. "ಮಗುವಿಗೆ ಪ್ರೋಬಯಾಟಿಕ್ ಕೊಡುವ ಮುಂಚೆ ಕೇಳಿ: ಕೀಮೋ? ಪೈಪ್, ಪೋರ್ಟ್? ತಿಂಗಳು ತುಂಬದೆ ಹುಟ್ಟಿದ್ದಾ? ಹೃದಯ, ಕರುಳಿನ ಆಪರೇಷನ್?" ನಿನ್ನೆ ಒಬ್ಬ ಗಿರಾಕಿ "ಯಾಕಪ್ಪಾ ಇಷ್ಟೆಲ್ಲ ವಿಚಾರಣೆ, ಪೊಲೀಸ್ ಸ್ಟೇಷನ್ನಾ" ಅಂದರು.

ಬಟವಾಡಿ ಅಮ್ಮ

ಎಲ್ಲರಿಗೂ ಕೈಮುಗಿದೆ. ಮಗನ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ "ಪೋರ್ಟ್ ಇದೆ, ಕೀಮೋ ನಡೆಯುತ್ತಿದೆ, ಪ್ರೋಬಯಾಟಿಕ್ ಬೇಡ" ಅಂತ ಬರೆದೆ. ಅತ್ತೆಗೆ ಓದಲು ಬರುವುದಿಲ್ಲ, ಅವರಿಗೆ ಬಾಟಲಿಯನ್ನೇ ತೋರಿಸಿ ಹೇಳಿದೆ. ಮೊಸರಿಗೆ ನಮ್ಮ ವಾರ್ಡಿನಲ್ಲಿ ಕೌಂಟ್ 500 ದಾಟಲಿ ಅಂದಿದ್ದಾರೆ. ಮಗ ದಿನಾ "ಕೌಂಟ್ ಬಂತಾ" ಅಂತ ಕೇಳುತ್ತಾನೆ, ರಕ್ತ ತೆಗೆಯುವಾಗಲೂ ಅಳುತ್ತಿಲ್ಲ.

ಆ ಅಂಗಡಿಗೂ ಹೋಗಿದ್ದೆ. ಜಗಳಕ್ಕಲ್ಲ, ವಿಷಯ ಹೇಳೋಣ ಅಂತ. ಪೂರ್ತಿ ಕೇಳಿಸಿಕೊಂಡರು, ಏನೂ ಮಾತಾಡಲಿಲ್ಲ. ಬಿಲ್ಲು ಕೇಳಿ ಒಂಬತ್ತು ಬಾಟಲಿ ವಾಪಸ್ ತಗೊಂಡರು. ತಲೆ ತಿರುಚಿದ್ದ ಹತ್ತನೆಯದನ್ನು ಮಾತ್ರ ತಗೊಳ್ಳಲಿಲ್ಲ.